ವರುಣಾ ಕೆರೆಯಲ್ಲಿ ರೋಯಿಂಗ್ ಕಲಿಸಲಿ

ಸಂಪಾದಕರಿಗೆ ನಮಸ್ಕಾರ.

ರೋಯಿಂಗ್ ಎಂದರೆ ಹುಟ್ಟು ಹಾಕಿ ದೋಣಿ ನಡೆಸುವ ಆಟ. ಅದೇ ಥರ ಕೂತು ಎಳೆಯುವ ನಮ್ಮ ಜಿಮ್ಮಿನ ರೋಯಿಂಗ್ ಮಷೀನಿಗೆ ಕೂತವರೆಲ್ಲ, ಹೆಚ್ಚಿಟ್ಟಷ್ಟೂ ಒಳ್ಳೆಯದೆಂದು ಪಕ್ಕದ ಲಿವರನ್ನು ಹತ್ತಕ್ಕೆ ಏರಿಸುತ್ತಾರೆ. ಅದು ಗಾಳಿ ಒಳಗೆ ಬಿಡುವ ಕಿಂಡಿ ಅಷ್ಟೇ. ನಾಲ್ಕಕ್ಕಿಟ್ಟು ಜೋರಾಗಿ ಎಳೆದರೂ ಬೆವರು ಇಳಿಯುತ್ತದೆ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ಹೇಳಿಕೊಡುವವರಿಲ್ಲದೆ ಸುಮ್ನೆ ಕೈಯಲ್ಲೇ ಜಗ್ಗಿ ಸೊಂಟ ಹಿಡಿಸಿಕೊಳ್ಳುತ್ತಾರೆ.

ನೀರಿನಲ್ಲಿ ಇದಿಷ್ಟೇ ಸಾಲದು. ಹುಟ್ಟಿನ ಅಲಗನ್ನು ನೆಟ್ಟಗೆ ನೀರಿಗಿಳಿಸಬೇಕು, ಮೇಲೆ ಬಂದಾಗ ಮಣಿಕಟ್ಟು ತಿರುಗಿಸಿ ಮಲಗಿಸಬೇಕು. ಒಂದು ಕೈ ತುಸು ತಗ್ಗಿದರೂ ದೋಣಿ ವಾಲುತ್ತದೆ. ಮಷೀನು ವಾಲುವುದಿಲ್ಲ, ಅಲ್ವಾ?

2010ರ ಏಷ್ಯನ್ ಗೇಮ್ಸ್‌ನಲ್ಲಿ ರೋಯಿಂಗ್ ಚಿನ್ನ ಗೆದ್ದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದವರು. ಇಷ್ಟು ಕೆರೆಗಳಿರುವ ನಮಗೇನು ಕೊರತೆ? ನಮ್ಮ ಮೈಸೂರಿನ ಹತ್ತಿರದ ವರುಣಾ ಕೆರೆಯಲ್ಲಿ ಬೇಸಿಗೆ ರಜೆಗಾದರೂ ಲೈಫ್ ಜಾಕೆಟ್ ತೊಡಿಸಿ ಮಕ್ಕಳಿಗೆ ಕಲಿಸಲಿ. ನನ್ನಂಥ ಅರವತ್ತು ದಾಟಿದವರಿಗೂ ಒಂದು ಬ್ಯಾಚ್ ಇರಲಿ.

– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು