ಹೆಸರು ಯಾವುದಾದರೂ ಇರಲಿ, ಬರೆದದ್ದು ನಿನ್ನ ಕೈಲಿರಲಿ

ಪ್ರೀತಿಯ ಪುಟ್ಟಿ,

ನೀನು ಬರೆಯುವ ಪತ್ತೇದಾರಿ ಧಾರಾವಾಹಿ ಕಥೆಗೆ ಲೇಖಕರ ಹೆಸರಾಗಿ ಗಂಡಸಿನ ಹೆಸರು ಇಟ್ಟುಕೊಳ್ಳುತ್ತೀಯ ಅಂತ ನಿಮ್ಮಮ್ಮ ಬೇಜಾರು ಮಾಡಿಕೊಂಡಿದ್ದಾಳೆ. ನನಗೇನೂ ಬೇಜಾರಿಲ್ಲ. ಫ್ರಾನ್ಸಿನಲ್ಲಿ ಎಷ್ಟೋ ಹೆಂಗಸರು ಹೀಗೇ ಬರೆದು ಹೆಸರು, ದುಡ್ಡು ಎರಡೂ ಸಂಪಾದಿಸಿದ್ದಾರೆ. ನನ್ನ ಚಿಂತೆ ಬೇರೆ. ನಿನ್ನ ಗೆಳೆಯನೊಬ್ಬ ಆ ಕಥೆಯನ್ನು ಆನ್‌ಲೈನಿನಲ್ಲಿ ತನ್ನ ಅಕೌಂಟಿನಲ್ಲೇ ಹಾಕಿಕೊಡುತ್ತಾನೆ ಅಂದೆಯಲ್ಲ, ಅದು.

ಫ್ರೆಂಚ್ ಕಾದಂಬರಿಕಾರ್ತಿ ಜಾರ್ಜ್ ಸ್ಯಾಂಡ್ ಗೊತ್ತಲ್ವಾ? ನಿಜವಾದ ಹೆಸರು ಓರೋರ್ ದ್ಯುಪಾಂ. ಸೊಸೆ ಪುಸ್ತಕ ಅಚ್ಚು ಹಾಕಿಸುತ್ತಾಳೆ ಅಂತ ಗೊತ್ತಾದಾಗ, ನಮ್ಮ ಮನೆತನದ ಹೆಸರು ಮಾತ್ರ ಅದರ ಮೇಲೆ ಬರಕೂಡದು ಅಂದಳಂತೆ ಅತ್ತೆ. ಜೂಲ್ ಸಾಂದೋ ಅನ್ನುವ ಗೆಳೆಯನ ಜೊತೆ ಸೇರಿ ಬರೆದಾಗ ಅವನ ಹೆಸರನ್ನೇ 'ಸ್ಯಾಂಡ್' ಅಂತ ಮೊಟಕು ಮಾಡಿ ಹಾಕಿಕೊಂಡಿದ್ದರು. ಅದನ್ನೇ ಇಟ್ಟುಕೊಂಡು 1832ರಲ್ಲಿ 'ಇಂಡಿಯಾನಾ' ಕಾದಂಬರಿಯನ್ನು ಒಬ್ಬಳೇ ಬರೆದು ತಂದಳು. ಆಂದ್ರೆ ಲಿಯೋ ಅನ್ನುವಾಕೆಯದು ನನಗೆ ತುಂಬ ಇಷ್ಟ, ತನ್ನ ಅವಳಿ ಗಂಡುಮಕ್ಕಳ ಹೆಸರನ್ನೇ ಜೋಡಿಸಿ ಕಾವ್ಯನಾಮ ಮಾಡಿಕೊಂಡಳು. ಆಲಿಸ್ ಫ್ಲರಿ 'ಆನ್ರಿ ಗ್ರೆವಿಲ್' ಆಗಿ ರಷ್ಯಾದ ಕಥೆಗಳನ್ನು ಬರೆದು ಮನೆಮಾತಾದಳು. ಇವರೆಲ್ಲ ಹೆಸರನ್ನು ತಾವೇ ಆರಿಸಿಕೊಂಡವರು.

ಕೋಲೆಟ್ ಅನ್ನುವ ಫ್ರೆಂಚ್ ಲೇಖಕಿಯದು ಹಾಗಲ್ಲ. ಗಂಡ ವಿಲ್ಲಿ ಬೇರೆಯವರ ಕೈಲಿ ಬರೆಸಿ ತನ್ನ ಹೆಸರು ಹಾಕಿಕೊಳ್ಳುತ್ತಿದ್ದ ಮನುಷ್ಯ. ನಿನ್ನ ಸ್ಕೂಲಿನ ನೆನಪುಗಳನ್ನು ಬರೆ ಅಂದ. ಆಕೆ ನೋಟ್‌ಬುಕ್ಕುಗಳಲ್ಲಿ ಬರೆದುಕೊಟ್ಟಳು. ಓದಿ, ಇದು ಪ್ರಯೋಜನವಿಲ್ಲ ಅಂತ ಮೇಜಿನ ಡ್ರಾಯರಿಗೆ ಹಾಕಿದ. ಎಷ್ಟೋ ದಿನ ಆದಮೇಲೆ ಮೇಜು ಒಪ್ಪ ಮಾಡುವಾಗ ಅದೇ ನೋಟ್‌ಬುಕ್ಕು ಸಿಕ್ಕಿ, ತಿರುವಿ ಹಾಕಿ, ಎಂಥ ಮೂರ್ಖ ನಾನು ಅಂದುಕೊಂಡು ಪ್ರಕಾಶಕರ ಹತ್ತಿರ ಓಡಿದ. 1900ರಲ್ಲಿ ಮೊದಲ 'ಕ್ಲೋದೀನ್' ಕಾದಂಬರಿ ಬಂತು, ಲೇಖಕ ವಿಲ್ಲಿ ಅಂತ. ಅದು ಎಷ್ಟು ಓಡಿತು ಅಂದರೆ ಕ್ಲೋದೀನ್ ಕಾಲರು, ಕ್ಲೋದೀನ್ ಸೋಪು ಎಲ್ಲ ಮಾರಾಟಕ್ಕೆ ಬಂದವು. ಮುಂದಿನ ಭಾಗ ಬರೆಯಲಿ ಅಂತ ರೂಮಿಗೆ ಬೀಗ ಹಾಕುತ್ತಿದ್ದ ಅಂತ ಆಕೆಯೇ ಆಮೇಲೆ ಬರೆದುಕೊಂಡಿದ್ದಾಳೆ. ಇಬ್ಬರೂ ಬೇರೆಯಾದ ಮೇಲೆ ಆ ಪುಸ್ತಕಗಳ ಹಕ್ಕನ್ನೂ ಅವನು ಮಾರಿಬಿಟ್ಟ!

ಫ್ರಾನ್ಸಿನಲ್ಲಿ ಆಗಿನ ಕಾನೂನೂ ಹಾಗೇ ಇತ್ತು ಬಿಡು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕರಾರು ಮಾಡಿಕೊಳ್ಳುವಂತಿರಲಿಲ್ಲ. ದುಡಿದ ದುಡ್ಡನ್ನು ತನ್ನಿಷ್ಟದಂತೆ ಖರ್ಚು ಮಾಡುವ ಹಕ್ಕು ಸಿಕ್ಕಿದ್ದೇ 1907ರಲ್ಲಿ. ನಿನಗೆ ಅಂಥ ಕಟ್ಟು ಏನಿದೆ ಹೇಳು?

ಆ ಹುಡುಗ ಒಳ್ಳೆಯವನೇ ಇರಬಹುದು, ಇಲ್ಲ ಅನ್ನಲ್ಲ. ಆದರೂ ಅಕೌಂಟು ನಿನ್ನದೇ ಇರಲಿ, ಪಾಸ್‌ವರ್ಡ್ ನಿನಗೊಬ್ಬಳಿಗೇ ಗೊತ್ತಿರಲಿ, ದುಡ್ಡು ನಿನ್ನ ಬ್ಯಾಂಕ್ ಖಾತೆಗೇ ಬರಲಿ. ಕರಡು ಪ್ರತಿಗಳನ್ನು ಸುಮ್ನೆ ಡಿಲೀಟ್ ಮಾಡಬೇಡ, ತಾರೀಖಿನ ಸಮೇತ ಎತ್ತಿಡು. ಕೋಲೆಟ್‌ಳ ಕೈಬರಹದ ಕೆಲವು ನೋಟ್‌ಬುಕ್ಕುಗಳು ಉಳಿದದ್ದರಿಂದ ತಾನೇ ಬರೆದವರು ಯಾರು ಅಂತ ಇವತ್ತು ಯಾರೂ ನೋಡಬಹುದು.

ಹೆಸರು ಮಾತ್ರ ನಿನ್ನಿಷ್ಟ, ನಿಮ್ಮಮ್ಮನಿಗೆ ನಾನು ಹೇಳುತ್ತೇನೆ. ಯಾರಾದರೂ ಅಗ್ರಿಮೆಂಟ್ ಕಳಿಸಿದರೆ, ಸಹಿ ಹಾಕುವ ಮುಂಚೆ ಪೂರ್ತಿ ಪುಟಗಳ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು.

ನಿನ್ನ
ದೊಡ್ಡಮ್ಮ