ನೀತಿಯಿಲ್ಲದ ಪುಸ್ತಕಗಳು

ಚಿ. ಸೌ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಸಾಗರದಲ್ಲಿ ಮಳೆ ಹಿಡಿದಿದೆ. ನಿನ್ನ ಅಪ್ಪನಿಗೆ ಅಡಿಕೆಗೆ ಔಷಧಿ ಹೊಡೆಸುವ ಚಿಂತೆ, ನನಗೆ ಪುಸ್ತಕಗಳಿಗೆ ಬೂಸರು ಹಿಡಿಯುತ್ತದೆಂಬ ಚಿಂತೆ. ಮೊಮ್ಮಗಳು ಇಂಚರಾಳಿಗೆ ಒಂದಷ್ಟು, ನಿನಗೊಂದಷ್ಟು ಪುಸ್ತಕಗಳ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕು ಎಂದು ನೀನು ಹೇಳಿದ್ದೆ. ಬರೀ ಹೆಸರು ಹಾಕಿದರೆ ನೀನು ಹೆಬ್ಬೆರಳು ತೋರಿಸಿ ಮರೆತುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಕೂತು ಪಿಂಚಣಿ ಸಂಪಾದಿಸಿದವಳು ಕಾಗದ ಬರೆಯದಿದ್ದರೆ ಇನ್ಯಾರು ಬರೆಯಬೇಕು?

ನೀನು ಎಲ್ಲಿಂದಲೋ ಕಳಿಸಿದ್ದ ಪಟ್ಟಿ ನೋಡಿದೆ. ಮಕ್ಕಳಿಗೆ ಮೌಲ್ಯ ಕಲಿಸುವ ಪುಸ್ತಕಗಳಂತೆ. ಅದರಲ್ಲಿ ಒಂದನ್ನೂ ನಾನು ತೆಗೆದುಕೊಂಡಿಲ್ಲ. ಹಲ್ಲುಜ್ಜಬೇಕು, ಹಂಚಿಕೊಂಡು ತಿನ್ನಬೇಕು, ಸುಳ್ಳು ಹೇಳಬಾರದು ಎಂಬುದನ್ನು ಹೇಳಲು ನೀನಿದ್ದೀಯ, ಅಳಿಯಂದಿರಿದ್ದಾರೆ, ಶಾಲೆಯಿದೆ. ಪುಸ್ತಕವೂ ಅದನ್ನೇ ಹೇಳಹೊರಟರೆ ಮಗು ಓಡಿಹೋಗುವುದಾದರೂ ಎಲ್ಲಿಗೆ? ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ನೀತಿ’ ಎಂದು ಅಚ್ಚಾಗಿರುವ ಪುಸ್ತಕವನ್ನು ನಾನು ಅಂಗಡಿಯಲ್ಲೇ ಮುಚ್ಚಿಟ್ಟು ಬರುತ್ತೇನೆ. ನನ್ನ ಪರೀಕ್ಷೆ ಒಂದೇ. ನಾಲ್ಕು ವರ್ಷದ ಮಗು ಇಷ್ಟವಾದ ಪುಸ್ತಕವನ್ನು ದಿನಾ ರಾತ್ರಿ ಕೇಳುತ್ತದೆ; ಓದಬೇಕಾದವಳು ನೀನು. ನಿನಗೆ ಬೇಸರ ಬಂದರೆ ಪುಟ ಹಾರಿಸುತ್ತೀಯ, ಅವಳು ಹಿಡಿಯುತ್ತಾಳೆ, ಅಲ್ಲಿಗೆ ಜಗಳ. ಆದ್ದರಿಂದ ಓದುವ ದೊಡ್ಡವರ ಬಾಯಿಗೂ ರುಚಿಸುವ ಪುಸ್ತಕವೇ ಮಕ್ಕಳ ಪುಸ್ತಕ.

ಮೊದಲು ಜಿ.ಪಿ. ರಾಜರತ್ನಂ. ‘ಬಣ್ಣದ ತಗಡಿನ ತುತ್ತೂರಿ’ ನಿನಗೆ ಬಾಯಿಪಾಠವಿದೆ, ಗೊತ್ತು. ಆದರೆ ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡು. ಜಂಬದಿಂದ ಸರಿಗಮ ಊದುತ್ತಿದ್ದ ಕಸ್ತೂರಿಯ ತುತ್ತೂರಿ ಕೊಳಕ್ಕೆ ಬಿದ್ದ ಮೇಲೆ ಗಗಗಗ ಎನ್ನುತ್ತದೆ. ಆ ‘ಗಗಗಗ’ ಇದೆಯಲ್ಲ, ಅದು ಇಂಚರಾಳಿಗೇ ಮೀಸಲು. ಅಲ್ಲಿಯವರೆಗೆ ನೀನು ಓದು, ಅಲ್ಲಿಗೆ ಬಂದಾಗ ಸುಮ್ಮನಿರು. ಅವಳೇ ಕೂಗುತ್ತಾಳೆ. ಜಂಬ ಪಡಬಾರದು ಎಂಬುದೂ ಪದ್ಯದಲ್ಲಿ ಇದೆಯೆನ್ನು, ಆದರೆ ಅದು ನೀರಿನಲ್ಲಿ ನೆನೆದ ತುತ್ತೂರಿಯ ಗಂಟಲಿನಿಂದ ಬರುತ್ತದೆ. ಹಾಗೆ ಬಂದರೆ ನನ್ನ ತಕರಾರಿಲ್ಲ. ಬೊಳುವಾರು ಮಹಮದ್ ಕುಂಞಿ ಅವರು ಮಕ್ಕಳ ಪದ್ಯಗಳನ್ನೆಲ್ಲ ಆರಿಸಿ ಮಾಡಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಸಂಕಲನ ಎಲ್ಲಾದರೂ ಕಂಡರೆ ಎರಡನೆಯ ಯೋಚನೆ ಮಾಡದೆ ತೆಗೆದುಕೋ. ಹಳೆಯ ಕವಿಗಳೂ ಹೊಸಬರೂ ಒಂದೇ ಕಡೆ ಸಿಗುತ್ತಾರೆ.

ಪಂಜೆ ಮಂಗೇಶರಾಯರ ಕತೆಗಳನ್ನೂ ಪಾರ್ಸೆಲ್‌ನಲ್ಲಿ ಇಟ್ಟಿದ್ದೇನೆ. ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಹೆಸರು ಕೇಳಿದರೇ ಮಗು ನಗುತ್ತದೆ. ‘ಇಲಿಗಳ ಥಕ ಥೈ’ ಅಂತೂ ಕುಣಿದುಕೊಂಡೇ ಹೇಳಬೇಕಾದ ಹೆಸರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಮನುಷ್ಯ, ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಇನ್‌ಸ್ಪೆಕ್ಟರುಗಳು ಹೀಗೂ ಇರುತ್ತಾರೆ ಎಂದು ತಿಳಿದಾಗ ನನಗೆ ಸರ್ಕಾರಿ ನೌಕರಿಯ ಮೇಲೆ ಸ್ವಲ್ಪ ಗೌರವ ಬಂದಿತ್ತು.

ಇನ್ನು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇದೇ ನನ್ನ ಮೆಚ್ಚಿನದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೋ. ಈ ಬೊಮ್ಮನಹಳ್ಳಿ ಬೆಂಗಳೂರಿನ ಟ್ರಾಫಿಕ್ಕಿನದಲ್ಲ, ತುಂಗೆಯ ದಡದ್ದು. ಮೂಲದಲ್ಲಿ ಇದು ಬ್ರೌನಿಂಗ್ ಇಂಗ್ಲಿಷಿನಲ್ಲಿ ಬರೆದ, ಜರ್ಮನಿಯ ಹ್ಯಾಮೆಲಿನ್ ಊರಿನ ಕತೆ. ಕುವೆಂಪು ಅದನ್ನು ಎಷ್ಟು ಪಕ್ಕಾ ಮಲೆನಾಡಿನದು ಮಾಡಿಬಿಟ್ಟಿದ್ದಾರೆಂದರೆ ಜರ್ಮನಿಯವರು ಬಂದು ತಮ್ಮದೆಂದರೂ ನಾನು ಒಪ್ಪುವವಳಲ್ಲ. ಜೋಗಿ ಕಿಂದರಿ ನುಡಿಸಿದಾಗ ಇಲಿಗಳು ಹೊರಡುವ ಭಾಗವನ್ನು ಮೊದಲು ನಿಧಾನವಾಗಿ ಶುರುಮಾಡು. ಅನ್ನದ ಮಡಕೆಯಿಂದ ಒಂದು, ಟೋಪಿಯೊಳಗೆ ಗೂಡು ಮಾಡಿಕೊಂಡಿದ್ದದ್ದು ಇನ್ನೊಂದು, ಸಣ್ಣವು, ದೊಡ್ಡವು, ಹೀಗೆ ಸಾಲು ಬೆಳೆಯುತ್ತಾ ಹೋದಂತೆ ನಿನ್ನ ಉಸಿರೂ ಬಿಗಿಯಾಗುತ್ತದೆ, ವೇಗ ತಾನಾಗಿಯೇ ಏರುತ್ತದೆ. ಓದಿ ಮುಗಿಸುವಷ್ಟರಲ್ಲಿ ಮಗು ಹಾಸಿಗೆಯ ಮೇಲೆ ಎದ್ದು ನಿಂತಿರುತ್ತದೆ. ಮಲಗಿಸಲು ಓದುವ ಪುಸ್ತಕ ಇದಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಶನಿವಾರ ಸಂಜೆಗೆ ಇಟ್ಟುಕೋ.

ಕೊನೆಯಲ್ಲಿ, ಇಲಿ ಓಡಿಸಿದರೆ ಕೊಡುತ್ತೇವೆಂದ ಹಣವನ್ನು ಊರವರು ಕೊಡದಿದ್ದಾಗ, ಜೋಗಿ ಮಕ್ಕಳನ್ನು ಕರೆದುಕೊಂಡು ಬೆಟ್ಟದೊಳಗೆ ಹೋಗಿಬಿಡುತ್ತಾನೆ, ಕುಂಟುವ ಮಗುವೊಂದು ಹಿಂದೆ ಉಳಿಯುತ್ತದೆ. ನೀನು ಚಿಕ್ಕವಳಿದ್ದಾಗ ‘ಆಮೇಲೆ ಅವರಿಗೆ ಊಟ ಯಾರು ಹಾಕಿದರು?’ ಎಂದು ಪೀಡಿಸುತ್ತಿದ್ದೆ. ಇಂಚರಾಳೂ ಏನಾದರೊಂದು ಕೇಳುತ್ತಾಳೆ. ಉತ್ತರ ಹುಡುಕಿ ಕೊಡಬೇಡ. ಮಾತಿಗೆ ತಪ್ಪಿದ್ದರಿಂದ ಹೀಗಾಯಿತು ನೋಡು ಎಂದು ಪಾಠ ಮಾಡಲಂತೂ ಹೋಗಬೇಡ. ಸ್ವಲ್ಪ ಹೊತ್ತು ಅವಳು ಕಳವಳಪಡಲಿ. ಕಳವಳವಿಲ್ಲದ ಕತೆಗಳನ್ನೇ ಕೇಳಿಸಿ ಬೆಳೆಸಿದರೆ ಮಕ್ಕಳು ಗಟ್ಟಿಯಾಗುತ್ತಾರೆಂದು ನನಗೆ ಅನ್ನಿಸಿಲ್ಲ.

ಚಂದಮಾಮದ ಬೇತಾಳ ಕತೆಗಳಲ್ಲಿ ನನಗೆ ಹಿಡಿಸಿದ್ದೂ ಅದೇ. ಕತೆ ಮುಗಿಯುತ್ತದೆ, ಬೇತಾಳ ಪ್ರಶ್ನೆ ಕೇಳುತ್ತದೆ, ತಲೆ ಕೆಡಿಸಿಕೊಳ್ಳುವುದು ನಮ್ಮ ಪಾಲು. 1949ರಲ್ಲಿ ಕನ್ನಡದ ಚಂದಮಾಮ ಶುರುವಾಯಿತು, ಈಗ ಅಚ್ಚಾಗುವುದಿಲ್ಲ. ನಿನ್ನ ಅಪ್ಪ ಬೈಂಡ್ ಮಾಡಿಸಿಟ್ಟ ಸಂಪುಟಗಳು ಅಟ್ಟದ ಮೇಲಿವೆ. ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನನ್ನು ಬಿಡಿಸಿದ ಶಂಕರ್ ಅವರ ಚಿತ್ರವನ್ನು ಮಗು ನೋಡಿ ಹೆದರಬಹುದು, ಆರು ತುಂಬಲಿ. ದಸರಾ ರಜೆಗೆ ಬಂದಾಗ ಅಟ್ಟ ಹತ್ತಿಸೋಣ.

ದಿನಕ್ಕೊಂದು ಕತೆ ಬೇಕೇ ಬೇಕು ಎನ್ನುವ ಮಗುವಿಗೆ ಡಾ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಇದೆ, ತಿಂಗಳಿಗೊಂದರಂತೆ ಹನ್ನೆರಡು ಸಂಪುಟ. ಸ್ವತಃ ವೈದ್ಯೆ. ಔಷಧಿ ಬರೆದುಕೊಟ್ಟ ಹಾಗೆಯೇ ದಿನಕ್ಕೆ ಒಂದರಂತೆ ಲೆಕ್ಕ ಹಾಕಿ ಕತೆ ಬರೆದಿದ್ದಾರೆ. ಎಲ್ಲ ಕತೆಯೂ ಒಂದೇ ತೂಕದ್ದಲ್ಲ, ಕೆಲವು ಸಪ್ಪೆ. ಆದರೆ ತನ್ನ ಹುಟ್ಟುಹಬ್ಬದ ದಿನದ ಕತೆ ಯಾವುದೆಂದು ಹುಡುಕುವ ಖುಷಿಗಾದರೂ ಮನೆಯಲ್ಲಿರಬೇಕು.

ಕನ್ನಡವೇ ಆಗಬೇಕೆಂಬ ಹಠ ನನಗಿಲ್ಲ. ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳುವಿನ ಪುಸ್ತಕ ನಿಮ್ಮ ಪುಣೆಯಲ್ಲೇ ಸಿಗುತ್ತದೆ. ಹುಳು ತಿಂದ ಹಣ್ಣುಗಳಲ್ಲಿ ನಿಜವಾಗಿಯೂ ತೂತುಗಳಿವೆ, ಮಗುವಿನ ಬೆರಳು ಸರಿಯಾಗಿ ಹೋಗುತ್ತದೆ. ಪುಸ್ತಕ ಎಂದರೆ ಬೆರಳು ಹಾಕಿ ನೋಡುವ ವಸ್ತುವೂ ಹೌದು ಎಂದು ಗೊತ್ತಾಗಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಪ್ರಯಾಣದಲ್ಲಿ ಮೊಬೈಲ್‌ನಲ್ಲಿ ತೋರಿಸು. ಮನೆಯಲ್ಲಿ ಮಾತ್ರ ಕಾಗದದ ಪುಸ್ತಕವೇ ಇರಲಿ. ಹರಿದರೆ ಹರಿಯಲಿ, ಅಂಟು ಹಚ್ಚುವುದು ನಿನಗೆ ಬಾರದ ಕೆಲಸವೇನಲ್ಲ.

ನಿನಗೂ ಅವಳಿಗೂ ಸೇರಿ ಒಂದು ಪುಸ್ತಕವಿದೆ, ಜಪಾನಿನ ತೆತ್ಸುಕೋ ಕುರೊಯಾನಾಗಿ ಬರೆದ ‘ತೊತ್ತೋ-ಚಾನ್’. ಕನ್ನಡದಲ್ಲೂ ಬಂದಿದೆ. ಈಗ ನೀನು ಓದು, ಅವಳಿಗೆ ಏಳೆಂಟಾದಾಗ ಇಬ್ಬರೂ ಓದಿ. ಕಿಟಕಿಯ ಬಳಿ ನಿಂತು ಬೀದಿ ವಾದ್ಯದವರನ್ನು ಕರೆಯುತ್ತಾಳೆಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಅವಳು. ಹೊಸ ಶಾಲೆ ತೊಮೊಯೆಯಲ್ಲಿ ತರಗತಿಗಳೆಂದರೆ ಹಳೆಯ ರೈಲು ಬೋಗಿಗಳು. ಮುಖ್ಯೋಪಾಧ್ಯಾಯ ಕೊಬಯಾಶಿ ಮೊದಲ ದಿನ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, ಏನು ಬೇಕಾದರೂ ಹೇಳು ಎಂದು ನಾಲ್ಕು ಗಂಟೆ ಅವಳ ಮಾತು ಕೇಳುತ್ತಾರೆ. ಆಮೇಲೊಂದು ದಿನ ಅವಳ ಪರ್ಸ್ ಶೌಚದ ಗುಂಡಿಗೆ ಬೀಳುತ್ತದೆ. ಹುಡುಗಿ ಉದ್ದ ಹಿಡಿಕೆಯ ಸೌಟು ಹಿಡಿದು ಗುಂಡಿಯಲ್ಲಿದ್ದದ್ದನ್ನೆಲ್ಲ ಎತ್ತಿ ಹೊರಗೆ ರಾಶಿ ಹಾಕುತ್ತಿದ್ದಾಳೆ, ವಾಸನೆ ಹೇಗಿದ್ದೀತು ನೀನೇ ಯೋಚಿಸು. ಆ ದಾರಿಯಾಗಿ ಬಂದ ಕೊಬಯಾಶಿ, ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒಳಗೆ ಹಾಕುತ್ತೀಯಲ್ಲವೇ ಎಂದಷ್ಟೇ ಕೇಳಿ ಹೊರಟುಹೋಗುತ್ತಾರೆ. ನಾನಾಗಿದ್ದರೆ ಬೆನ್ನಿಗೆ ಎರಡು ಬಿಗಿಯುತ್ತಿದ್ದೆ! ಆ ಶಾಲೆ 1945ರಲ್ಲಿ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅದನ್ನೂ ಲೇಖಕಿ ಮುಚ್ಚಿಡುವುದಿಲ್ಲ.

ಇಂಚರಾಳಿಗೆ ಹತ್ತಾದಾಗ ನಮ್ಮ ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೊಡು. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಪುಸ್ತಕ. ನಿನ್ನ ಅಜ್ಜನ ಮನೆಯವರು ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಗಂಟು ಕಟ್ಟಿಕೊಂಡು ಎದ್ದು ಬಂದವರು. ಅವಳಿಗೆ ಅದು ಅಜ್ಜಿ ಹೇಳುವ ಕತೆಗಿಂತ ಕಾದಂಬರಿಯಲ್ಲೇ ಚೆನ್ನಾಗಿ ತಿಳಿದೀತು. ಅದೇ ಹೊತ್ತಿಗೆ ತೇಜಸ್ವಿಯವರ ‘ಪರಿಸರದ ಕತೆ’ಯನ್ನೂ ಕೈಗೆ ಸಿಗುವ ಹಾಗೆ ಇಟ್ಟಿರು, ಓದು ಎಂದು ಹೇಳಬೇಡ.

ಈಗ ನಿನ್ನ ಪಾಲು. ಕಚೇರಿ ಮುಗಿಸಿ ಬಂದು ಅಡುಗೆ ಮಾಡಿ ಮಗುವನ್ನು ಮಲಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತದೆ ಎನ್ನುತ್ತೀಯ. ಹಾಗಿದ್ದರೆ ಅವಳು ಎಚ್ಚರವಿದ್ದಾಗಲೇ, ಅವಳ ಎದುರೇ ಓದು. ಅಮ್ಮ ತನ್ನ ಪಾಡಿಗೆ ಪುಸ್ತಕ ಹಿಡಿದು ನಗುತ್ತಿದ್ದಾಳೆ, ತನಗೆ ಮಾತ್ರ ಅದೇನೆಂದು ಗೊತ್ತಾಗುತ್ತಿಲ್ಲ ಎಂಬ ಹೊಟ್ಟೆಕಿಚ್ಚು ಆ ಮಗುವಿಗೆ ಒಮ್ಮೆಯಾದರೂ ಬರಲಿ.

ನಗುವುದಕ್ಕೆ ತೇಜಸ್ವಿಯವರದೇ ‘ಕರ್ವಾಲೊ’. 1980ರಲ್ಲಿ ಬಂದದ್ದು. ಮಂದಣ್ಣ, ಪ್ಯಾರ, ಬಿರ್ಯಾನಿ ಕರಿಯಪ್ಪ, ಅವರ ಜೊತೆಗೊಬ್ಬ ವಿಜ್ಞಾನಿ, ಎಲ್ಲರೂ ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರುವುದು. ನೀನು ಪಿಯುಸಿಯಲ್ಲಿ ಪರೀಕ್ಷೆಗೆಂದು ಓದಿದ್ದು ಲೆಕ್ಕಕ್ಕಿಲ್ಲ, ಟಿಪ್ಪಣಿ ಬರೆಯಬೇಕಿಲ್ಲದಾಗ ಓದಿದರೆ ಅದು ಬೇರೆಯೇ ಪುಸ್ತಕ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತೆಳ್ಳಗಿದೆ, ಎರಡು ರಾತ್ರಿ ಸಾಕು. ಬಾಲ್ಯದಲ್ಲೇ ವಿಧವೆಯಾಗಿ ಜೀವಮಾನವಿಡೀ ಒಂದು ಮಾತು ಎತ್ತರಿಸದೆ ದುಡಿದವಳು, ತಲೆ ಬೋಳಿಸಿಕೊಳ್ಳಲಾರೆ ಎಂದ ಚಿಕ್ಕ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಲೇಖಕಿ ಎಲ್ಲಿಯೂ ದನಿ ಏರಿಸಿ ಭಾಷಣ ಮಾಡುವುದಿಲ್ಲ, ಅದಕ್ಕೇ ಉರಿಯುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳ ಒಳಗನ್ನು ಇಷ್ಟು ಹತ್ತಿರದಿಂದ ತೋರಿಸಿದವರು ಕಡಿಮೆ.

ಕಾರಂತರದು ಒಂದೇ ಓದುವುದಾದರೆ ‘ಮರಳಿ ಮಣ್ಣಿಗೆ’. ‘ಮೂಕಜ್ಜಿ’ಗೆ ಜ್ಞಾನಪೀಠ ಬಂದಿರಬಹುದು, ನನ್ನ ಮತ ಇದಕ್ಕೇ. ಮೂರು ತಲೆಮಾರಿನ ಗಂಡಸರ ಕತೆ ಎಂದು ಎಲ್ಲರೂ ಹೇಳುತ್ತಾರೆ. ನೀನು ಪಾರೋತಿ, ಸರಸೋತಿಯರನ್ನು ನೋಡುತ್ತಾ ಓದು. ಕಡಲ ದಂಡೆಯ ಆ ಮನೆಯನ್ನು ಹೊತ್ತವರು ಯಾರೆಂದು ನೂರು ಪುಟ ದಾಟುವಷ್ಟರಲ್ಲಿ ತಿಳಿಯುತ್ತದೆ.

ಚಿಕ್ಕದು ಬೇಕೆಂದರೆ ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ರಾತ್ರಿ ಇಡೀ ಮನೆ ಬೆಂಕಿಯ ಸುತ್ತ ಕೂತು ಕಡಲೆಕಾಯಿ ತಿನ್ನುತ್ತದೆ. ಆ ಭಾಗವನ್ನು ಓದುವಾಗ ಸಿಪ್ಪೆಯ ಸದ್ದು ಕೇಳುತ್ತದೆ, ಉತ್ಪ್ರೇಕ್ಷೆಯಲ್ಲ. ಮಾತು ಚಾಮರಾಜನಗರ, ನಂಜನಗೂಡು ಕಡೆಯದು, ಮೊದಲ ಪುಟಗಳಲ್ಲಿ ತಡವರಿಸುತ್ತೀಯ. ಗಟ್ಟಿಯಾಗಿ ಓದಿಕೊಂಡರೆ ದಾರಿ ಬಿಡುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದು ಭಾನುವಾರದ್ದು. ದುಡ್ಡು ಬಂದ ಮನೆಯೊಳಗೆ ಏನೇನು ಕೊಳೆಯುತ್ತದೆ ಎಂದು ತಿಳಿದು ಸೋಮವಾರ ಬೆಳಗ್ಗೆ ನೆಂಟರನ್ನೆಲ್ಲ ಬೇರೆ ಕಣ್ಣಿನಿಂದ ನೋಡುತ್ತೀಯ.

ಬಾನು ಮುಷ್ತಾಕ್ ಅವರ ಕತೆಗಳನ್ನು ನೀನು ಕನ್ನಡದಲ್ಲೇ ಓದು, ‘ಎದೆಯ ಹಣತೆ’ಯಿಂದ ಶುರುಮಾಡು. ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಹಸುಗೂಸು ಎತ್ತಿಕೊಂಡ ಹಿರಿಯ ಮಗಳು ತಡೆಯುವ ಕತೆ. ಮಗಳನ್ನು ಹೆತ್ತವಳಿಗೆ ಓದುವುದು ಸುಲಭವಲ್ಲ, ಮೈ ಹುಷಾರಿಲ್ಲದ ದಿನ ತೆಗೆಯಬೇಡ. ನಿನ್ನ ಮರಾಠಿ ಗೆಳತಿಯರಿಗೆ ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದವನ್ನು ಉಡುಗೊರೆ ಕೊಡು, 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದದ್ದು ಅದಕ್ಕೇ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಈಗ ಬೇಡ. ಮಗು ಶಾಲೆಯ ಬಸ್ಸು ಹತ್ತಲು ಶುರುಮಾಡಿ ನಿನಗೆ ಬೆಳಗಿನ ಹೊತ್ತು ಸಿಕ್ಕಾಗ ನೋಡೋಣ. ಅದನ್ನು ನಿದ್ದೆಗಣ್ಣಿನಲ್ಲಿ ಓದಿದರೆ ಗುತ್ತಿಯ ನಾಯಿ ಹುಲಿಯನಿಗೆ ಅವಮಾನ.

ಪಾರ್ಸೆಲ್ ನಾಳೆ ಹೋಗುತ್ತದೆ. ಚಿತ್ರಪುಸ್ತಕಗಳು ಮೇಲೆ, ನಿನ್ನವು ಕೆಳಗೆ, ನಡುವೆ ಹಪ್ಪಳದ ಡಬ್ಬಿ. ‘ಫಣಿಯಮ್ಮ’, ‘ಒಡಲಾಳ’ ನೀನೇ ಇಟ್ಟುಕೋ. ‘ಮರಳಿ ಮಣ್ಣಿಗೆ’ ನಿನ್ನ ಅಪ್ಪನ ಪ್ರತಿ, ಅಂಚಿನಲ್ಲೆಲ್ಲ ಅವರ ಪೆನ್ಸಿಲ್ ಗೆರೆಗಳಿವೆ. ಅವರಿಗೆ ಹೇಳದೆ ಕಳಿಸುತ್ತಿದ್ದೇನೆ. ದಸರಾಕ್ಕೆ ಬರುವಾಗ ಮರೆಯದೆ ತಾ, ಇಲ್ಲದಿದ್ದರೆ ಅವರಿಗೆ ಉತ್ತರ ಹೇಳುವವಳು ನೀನೇ.

ಅಳಿಯಂದಿರಿಗೆ ಆಶೀರ್ವಾದ, ಇಂಚರಾಳಿಗೆ ಮುತ್ತು.

ಇಂತಿ,
ನಿನ್ನ ಅಮ್ಮ