ಮಗಳಿಗೊಂದು ಪತ್ರ: ‘ನಡೆದಲಿಲ್ಲ’ ಎಂದು ನೀನು ಎಂದೂ ಹೇಳಿಲ್ಲ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪುಟದ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ. ‘ನಿನ್ನೆ ನಾನು ಏನೇನು ಮಾಡಿದೆ’ ಎಂದು ಇಂಗ್ಲಿಷಿನಲ್ಲಿ ಹತ್ತು ವಾಕ್ಯ. ಅದರಲ್ಲಿ ಆರರ ಕೆಳಗೆ ಕೆಂಪು ಗೆರೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಇದು ನನಗೆ ಬರುವುದಿಲ್ಲ ಅಮ್ಮ’ ಎಂದು ಬರೆದಿದ್ದೀಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಆರರಲ್ಲಿ ನಾಲ್ಕು ಒಂದೇ ತಪ್ಪು. ಆ ತಪ್ಪನ್ನು ನೀನು ಕನ್ನಡದಲ್ಲಿ ಮಾತು ಕಲಿತ ದಿನದಿಂದ ಈವರೆಗೆ ಒಮ್ಮೆಯೂ ಮಾಡಿಲ್ಲ.

ನೀನು ಬರೆದದ್ದು ‘ಐ ಡಿಡ್ ನಾಟ್ ವಾಕ್ಟ್’ ಎಂದು. ಆಡುವುದು, ತೊಳೆಯುವುದು, ಮುಗಿಸುವುದು, ಎಲ್ಲದಕ್ಕೂ ಹಾಗೆಯೇ. ಡಿಡ್ ನಾಟ್ ಎಂದ ಮೇಲೂ ಕ್ರಿಯಾಪದದ ಬಾಲಕ್ಕೆ ಇ, ಡಿ ಅಂಟಿಸಿದ್ದೀಯ. ಈಗ ಇದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ನೋಡು. ನಾನು ನಡೆದೆ. ನಾನು ನಡೆಯಲಿಲ್ಲ. ‘ನಡೆದೆ’ಯಲ್ಲಿದ್ದ ದಕಾರ ಎಲ್ಲಿ ಹೋಯಿತು? ‘ಇಲ್ಲ’ ಬಂದ ಕೂಡಲೇ ಅದು ಜಾಗ ಬಿಟ್ಟಿತು. ‘ನಡೆದಲಿಲ್ಲ’ ಎಂದು ನೀನು ಮೂರು ವರ್ಷದವಳಾಗಿದ್ದಾಗಲೂ ಹೇಳಿದ್ದು ನನಗೆ ನೆನಪಿಲ್ಲ. ಇಂಗ್ಲಿಷಿನಲ್ಲಿಯೂ ಆಗುವುದು ಇಷ್ಟೇ. ಆಗಿಹೋದ ಕಾಲದ ಹೊರೆಯನ್ನು ಡಿಡ್ ಹೊತ್ತುಕೊಳ್ಳುತ್ತದೆ, ವಾಕ್ ಬರಿಗೈಯಲ್ಲಿ ನಿಲ್ಲುತ್ತದೆ. ‘ಐ ಡಿಡ್ ನಾಟ್ ವಾಕ್’ ಎಂಬುದನ್ನು ‘ನಡೆಯಲಿಲ್ಲ’ದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ.

ಇನ್ನೂ ಒಂದು ಹೋಲಿಕೆ ಇದೆ. ನಾನು ನಡೆದೆ, ಅವನು ನಡೆದನು, ಅವಳು ನಡೆದಳು, ನಾವು ನಡೆದೆವು, ನೀವು ನಡೆದಿರಿ, ಅವರು ನಡೆದರು, ಅವು ನಡೆದವು. ಅದು ನಡೆಯಿತು ಎನ್ನುವಾಗ ದಕಾರವೇ ಮಾಯ. ಕನ್ನಡ ಕಲಿಯಲು ಬಂದವರು ಇದನ್ನು ನೋಡಿ ಬೆವರುತ್ತಾರೆ. ‘ನಡೆಯಲಿಲ್ಲ’ ಎಂದಾಗ ಮಾತ್ರ ಆ ಬಾಲಗಳೆಲ್ಲ ಬಿದ್ದುಹೋಗಿ, ನಾನು, ನೀನು, ಅವಳು, ಅವರು, ಎಲ್ಲರಿಗೂ ಒಂದೇ ರೂಪ ಉಳಿಯುತ್ತದೆ. ಇಂಗ್ಲಿಷಿನ ಭೂತಕಾಲ ನಮ್ಮ ‘ನಡೆಯಲಿಲ್ಲ’ದ ಹಾಗೆ. ಐ ವಾಕ್ಟ್, ಶಿ ವಾಕ್ಟ್, ದೇ ವಾಕ್ಟ್. ವರ್ತಮಾನದಲ್ಲಿ ಹಿ, ಶಿ ಬಂದಾಗ ಎಸ್ ಸೇರಿಸಬೇಕೆಂಬ ತಲೆನೋವಾದರೂ ಇದೆ, ಭೂತಕಾಲದಲ್ಲಿ ಅದೂ ಇಲ್ಲ. ವಾಸ್, ವರ್ ಎಂದು ಎರಡಾಗುವ ಒಂದೇ ಒಂದು ಕ್ರಿಯಾಪದವನ್ನು ಬಿಟ್ಟರೆ, ಒಂದು ಕ್ರಿಯಾಪದಕ್ಕೆ ಒಂದು ರೂಪ ಕಲಿತರೆ ಎಲ್ಲರ ನಿನ್ನೆಯನ್ನೂ ಹೇಳಬಹುದು.

ಕನ್ನಡ ವ್ಯಾಕರಣದಲ್ಲಿ ಭೂತಕಾಲದ ಕಾಲಸೂಚಕ ಪ್ರತ್ಯಯ ‘ದ’ ಎಂದು ಓದಿದ್ದೀಯಲ್ಲ? ಮಾಡಿದ, ನೋಡಿದ, ಹಾಡಿದ. ಇಂಗ್ಲಿಷಿನದು ಡಿ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ, ಇದು ಬರೀ ಕಾಕತಾಳೀಯ. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕೊಂಡಿ ನನಗೆ ಸಿಕ್ಕಿಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ನಿನಗೆ ನೆರವಾಗುವುದಿಲ್ಲ. ನಾವು ‘ನಡೆದೆಯಾ’ ಎಂದು ದಕಾರವನ್ನು ಉಳಿಸಿಕೊಂಡೇ ಕೇಳುತ್ತೇವೆ. ಇಂಗ್ಲಿಷಿನಲ್ಲಿ ‘ಡಿಡ್ ಯು ವಾಕ್’. ಅಲ್ಲಿಯೂ ಹೊರೆ ಡಿಡ್‌ನದೇ. ಇದನ್ನು ಬಾಯಿಪಾಠದಿಂದಲೇ ಪಳಗಿಸಬೇಕು.

ಇನ್ನು ಉಚ್ಚಾರಣೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಇಲ್ಲಿಯೇ ನಾನು ಪೆಟ್ಟು ತಿಂದಿದ್ದು. ನಿನಗೆ ಎರಡು ವರ್ಷವಾಗಿದ್ದಾಗ ಒಂದು ಸಂದರ್ಶನಕ್ಕೆ ಹೋಗಿದ್ದೆ. ಹಿಂದಿನ ಕೆಲಸದ ಬಗ್ಗೆ ಕೇಳಿದರು. ಅಲ್ಲಿ ಮೂರು ವರ್ಷ ದುಡಿದೆ, ಹೊಸಬರಿಗೆ ನೆರವಾದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆದರೆ ವರ್ಕ್ಟ್, ಹೆಲ್ಪ್ಟ್ ಎನ್ನುವಾಗ ಕೊನೆಯ ಟ್ ನನ್ನ ಬಾಯಿಯೊಳಗೇ ಉಳಿದುಬಿಟ್ಟಿತು. ಎದುರಿಗಿದ್ದವರ ಕಿವಿಗೆ ಬಿದ್ದದ್ದು ವರ್ಕ್, ಹೆಲ್ಪ್. ‘ಹಾಗಾದರೆ ಆ ಕೆಲಸ ಬಿಡುವುದು ಯಾವಾಗ?’ ಎಂದು ಕೇಳಿದರು. ಬಿಟ್ಟು ಎರಡು ವರ್ಷವಾಗಿತ್ತು. ತಿದ್ದಿ ಹೇಳುವಷ್ಟರಲ್ಲಿ ನನ್ನ ಧೈರ್ಯ ಉಡುಗಿಹೋಗಿತ್ತು. ಆ ದಿನ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಆ ಎರಡು ಪದಗಳನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಒಂದು ಪುಟ್ಟ ಟ್, ನಿನ್ನೆ ಮತ್ತು ಇಂದಿನ ನಡುವಿನ ಗಡಿ.

ನಾನು ಅದನ್ನು ನುಂಗಿದೆ. ನೀನು ಅದಕ್ಕೆ ಒಂದು ಸ್ವರವನ್ನು ಸೇರಿಸಿ ‘ವಾಕೆಡ್’, ‘ಹೆಲ್ಪೆಡ್’ ಎನ್ನುತ್ತೀಯ. ಎರಡಕ್ಕೂ ಕಾರಣ ಒಂದೇ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಕೊನೆಯಲ್ಲಿ ಎರಡು ವ್ಯಂಜನ ಒಟ್ಟಿಗೆ ಬಂದರೆ ನಾಲಿಗೆ ಒಂದನ್ನು ಬಿಡುತ್ತದೆ, ಇಲ್ಲವೇ ನಡುವೆ ಒಂದು ಸ್ವರವನ್ನು ತಂದು ಕೂರಿಸುತ್ತದೆ. ಹಾಗೆಂದು ‘ವಾಕೆಡ್’ ಎಂದದ್ದಕ್ಕೆ ನಾಚಬೇಡ. ಇಂಗ್ಲಿಷರೂ ಹಿಂದೊಮ್ಮೆ ಆ ಸ್ವರವನ್ನು ನುಡಿಯುತ್ತಿದ್ದರು, ಅದಕ್ಕೇ ಬರವಣಿಗೆಯಲ್ಲಿ ಅದು ಇನ್ನೂ ಕುಳಿತಿದೆ. ಜನ ಅದನ್ನು ನುಂಗತೊಡಗಿದ್ದಾರೆ ಎಂದು ಲೇಖಕ ಜೊನಾಥನ್ ಸ್ವಿಫ್ಟ್ 1712ರಲ್ಲಿ ಸಿಟ್ಟಿನಿಂದ ಬರೆದದ್ದುಂಟು. ಸಿಟ್ಟು ಫಲಿಸಲಿಲ್ಲ, ಸ್ವರ ಹೋಯಿತು.

ಹಾಗಾದರೆ ಎಲ್ಲಿ ಟ್, ಎಲ್ಲಿ ಡ್, ಎಲ್ಲಿ ಇಡ್? ನಿನ್ನ ಪುಸ್ತಕದಲ್ಲಿ ದೊಡ್ಡ ಪಟ್ಟಿಯೇ ಇರಬಹುದು. ಅದನ್ನು ಮುಚ್ಚಿಡು. ಒಂದನೆಯ ತರಗತಿಯಲ್ಲಿ ಕಲಿತ ವರ್ಗೀಯ ವ್ಯಂಜನಗಳನ್ನು ನೆನಪಿಸಿಕೊ. ಕ ಖ ಗ ಘ ಙ, ಚ ಛ ಜ ಝ ಞ. ಈಗ ಎರಡು ಬೆರಳನ್ನು ಗಂಟಲಿನ ಮೇಲಿಟ್ಟು ಸ್ ಎಂದು ಎಳೆದು ಹೇಳು, ಆಮೇಲೆ ಮ್ ಎಂದು ಎಳೆ. ಸ್ ಎನ್ನುವಾಗ ಗಂಟಲು ತೆಪ್ಪಗಿರುತ್ತದೆ. ಮ್ ಎನ್ನುವಾಗ ಬೆರಳಿನ ತುದಿಗೆ ಜೇನುಹುಳು ಗುಂಯ್‌ಗುಟ್ಟಿದಂತಾಗುತ್ತದೆ. ವರ್ಗಗಳ ಮೊದಲ ಅಕ್ಷರಗಳಾದ ಕ, ಚ, ಪ ಮತ್ತು ಅವುಗಳ ಜೊತೆಗೆ ಸ, ಶ, ಫ, ಇವು ತೆಪ್ಪಗಿರುವ ಗುಂಪು. ಕ್ರಿಯಾಪದ ಇವುಗಳಲ್ಲಿ ಮುಗಿದರೆ ಟ್: ಕುಕ್ಟ್, ವಾಚ್ಟ್, ಸ್ಟಾಪ್ಟ್, ವಾಶ್ಟ್, ಲಾಫ್ಟ್. ಗುಂಯ್‌ಗುಡುವ ಗ, ಜ, ಬ, ನ, ಮ, ಲ, ವ ಅಥವಾ ಯಾವುದೇ ಸ್ವರದಲ್ಲಿ ಮುಗಿದರೆ ಡ್: ಕ್ಲೀನ್ಡ್, ಕಾಲ್ಡ್, ಲಿವ್ಡ್, ಪ್ಲೇಡ್. ಮೊದಲೇ ಟ ಅಥವಾ ಡ ಇದ್ದರೆ? ಟಕಾರದ ಬೆನ್ನಿಗೇ ಇನ್ನೊಂದು ಟಕಾರ ಕೇಳಿಸದು. ಆದ್ದರಿಂದ ಅಲ್ಲಿ ಮಾತ್ರ ನಡುವೆ ಸ್ವರ ಉಳಿದಿದೆ: ವೇಟಿಡ್, ವಾಂಟಿಡ್, ನೀಡಿಡ್. ಇದನ್ನು ನಿಯಮ ಎನ್ನುವುದಕ್ಕಿಂತ ಸಂಧಿ ಎಂದುಕೊ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕಕಾರ ಗಕಾರವಾಗುವುದಿಲ್ಲವೇ? ಅಕ್ಷರ ಅಕ್ಷರಕ್ಕೆ ತಾಗಿದಾಗ ಒಂದು ಇನ್ನೊಂದಕ್ಕೆ ಹೊಂದಿಕೊಳ್ಳುತ್ತದೆ, ಅಷ್ಟೇ.

ಒಂದು ಎಚ್ಚರಿಕೆ. ಕಣ್ಣನ್ನು ನಂಬಬೇಡ, ಕಿವಿಯನ್ನು ನಂಬು. ಲಾಫ್ ಎಂಬುದರ ಬರವಣಿಗೆಯ ಕೊನೆಯಲ್ಲಿ ಇರುವುದು ಜಿ, ಎಚ್. ಕ್ಲೋಸ್ ಎಂದು ಬರೆದರೂ ಮುಚ್ಚುವುದು ಎಂಬ ಅರ್ಥದಲ್ಲಿ ಆ ಸಕಾರ ಗುಂಯ್‌ಗುಡುತ್ತದೆ, ಆದ್ದರಿಂದ ಅದಕ್ಕೆ ಡ್.

‘ಕ್ಟ್’, ‘ಪ್ಟ್’ ಬಾಯಲ್ಲಿ ತಿರುಗುವುದಿಲ್ಲ ಎನ್ನುತ್ತೀಯಾ? ಅಕ್ಟೋಬರ್ ಎನ್ನು. ಸೆಪ್ಟೆಂಬರ್ ಎನ್ನು. ಎಲ್ಲಿ ಎಡವಿದೆ? ನಡುವೆ ಒತ್ತಕ್ಷರವಾಗಿ ಬಂದಾಗ ನಿನಗೆ ಸಲೀಸು, ಕೊನೆಯಲ್ಲಿ ಬಂದಾಗ ಮಾತ್ರ ಕಷ್ಟ. ಹಾಗಾದರೆ ಅದನ್ನು ನಡುವಿಗೆ ತಂದುಬಿಡು. ಮುಂದಿನ ಪದ ಸ್ವರದಿಂದ ಶುರುವಾಗುವ ವಾಕ್ಯಗಳನ್ನೇ ಮೊದಲು ಅಭ್ಯಾಸ ಮಾಡು. ವಾಕ್ಟ್, ಇನ್ ಎಂದು ಬಿಡಿಸದೆ ‘ವಾಕ್ಟಿನ್’ ಎಂದು ಒಂದೇ ಉಸಿರಿನಲ್ಲಿ. ಲುಕ್ಟ್, ಅಟ್ ಸೇರಿ ‘ಲುಕ್ಟಟ್’. ಹೆಲ್ಪ್ಟ್, ಅಸ್ ಸೇರಿ ‘ಹೆಲ್ಪ್ಟಸ್’. ನನ್ನ ಬಾಯಿ ತಿರುಗಿದ್ದು ಹೀಗೆಯೇ. ವಾರ ಕಳೆದ ಮೇಲೆ ಮುಂದಿನ ಪದವನ್ನು ಕಳಚಿದರೂ ಟ್ ತನ್ನ ಜಾಗದಲ್ಲಿ ನಿಂತಿತ್ತು.

1958ರಲ್ಲಿ ಜೀನ್ ಬರ್ಕೋ ಎಂಬ ಸಂಶೋಧಕಿ ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳಿಗೆ, ಭಾಷೆಯಲ್ಲೇ ಇಲ್ಲದ ಕ್ರಿಯಾಪದಗಳನ್ನು ಹುಟ್ಟಿಸಿ ಕೊಟ್ಟು ಪರೀಕ್ಷಿಸಿದರು. ಈ ಮನುಷ್ಯನಿಗೆ ರಿಕ್ ಮಾಡುವುದು ಗೊತ್ತು, ನಿನ್ನೆಯೂ ಅದನ್ನೇ ಮಾಡಿದ, ಹಾಗಾದರೆ ನಿನ್ನೆ ಅವನು ಏನು ಮಾಡಿದ? ಹೆಚ್ಚಿನ ಮಕ್ಕಳು ‘ರಿಕ್ಟ್’ ಎಂದರು. ಎಂದೂ ಕೇಳದ ಪದಕ್ಕೆ ಸರಿಯಾದ ಬಾಲ! ಆದರೆ ಟಕಾರದಲ್ಲಿ ಮುಗಿಯುವ ಹೊಸ ಪದ ಕೊಟ್ಟಾಗ ಇಡ್ ಸೇರಿಸಲು ಅದೇ ಮಕ್ಕಳಲ್ಲಿ ಬಹಳ ಮಂದಿ ತಡವರಿಸಿದರು. ಅವರ ಮನೆಮಾತಿನಲ್ಲೇ ಅವರಿಗೆ ಸಮಯ ಬೇಕಾಯಿತು. ನೀನು ಶುರುಮಾಡಿ ಇನ್ನೂ ತಿಂಗಳಾಗಿಲ್ಲ.

ಉಳಿದ ಎರಡು ಕೆಂಪು ಗೆರೆಗಳು ಕಾಗುಣಿತದವು. ಸ್ಟಡಿಯಲ್ಲಿ ವೈ ಹೋಗಿ ಐ ಬರಬೇಕು, ಏಕೆಂದರೆ ಅದರ ಹಿಂದೆ ಇರುವುದು ವ್ಯಂಜನ. ಪ್ಲೇ ಪದದಲ್ಲಿ ವೈ ಹಿಂದೆ ಸ್ವರವಿದೆ, ಅದು ಹಾಗೇ ಉಳಿಯುತ್ತದೆ. ಪ್ಲಾನ್ ಎಂಬುದಕ್ಕೆ ಎರಡು ಎನ್ ಹಾಕಬೇಕಿತ್ತು. ಒಂದೇ ಹಾಕಿದರೆ ಅದು ‘ಪ್ಲೇನ್ಡ್’ ಆಗಿ, ಮರಕ್ಕೆ ಉಜ್ಜುಗೊರಡು ಹೊಡೆದೆ ಎಂಬ ಅರ್ಥ ಬರುತ್ತದೆ. ಒಂದೇ ಉಚ್ಚಾರಾಂಶದ ಪದ, ಒಂದು ಸ್ವರಾಕ್ಷರ, ಒಂದು ವ್ಯಂಜನದಲ್ಲಿ ಕೊನೆ, ಹೀಗಿದ್ದರೆ ಕೊನೆಯಕ್ಷರ ಇಮ್ಮಡಿಯಾಗುತ್ತದೆ. ಡಬ್ಲ್ಯು, ಎಕ್ಸ್, ವೈ ಮಾತ್ರ ಇಮ್ಮಡಿಯಾಗುವುದಿಲ್ಲ. ಓಪನ್, ವಿಸಿಟ್ ಮುಂತಾದ ಪದಗಳಲ್ಲಿ ಒತ್ತು ಮೊದಲ ಭಾಗಕ್ಕೆ ಬೀಳುವುದರಿಂದ ಅವಕ್ಕೂ ಬೇಡ. ಕಾಗುಣಿತ ಬರೆಯುತ್ತ ಬರೆಯುತ್ತ ಕೈಗೆ ಹತ್ತುತ್ತದೆ, ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡ.

ಅಭ್ಯಾಸ ಹೀಗಿರಲಿ. ನೋಟುಪುಸ್ತಕದ ಒಂದು ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ಟ್, ಡ್, ಇಡ್ ಎಂದು ಬರೆ. ದಿನಕ್ಕೆ ಐದೇ ಕ್ರಿಯಾಪದ. ಪ್ರತಿಯೊಂದನ್ನೂ ಹೇಳುತ್ತ ಮೇಜಿನ ಮೇಲೆ ಬೆರಳಿನಿಂದ ತಟ್ಟು. ವಾಕ್ಟ್ ಎಂದಾಗ ಒಂದೇ ತಟ್ಟು. ವಾಂಟಿಡ್ ಎಂದಾಗ ಎರಡು. ವಾಕ್ಟ್ ಎನ್ನುವಾಗ ಬೆರಳು ಎರಡನೆಯ ಸಲ ಮೇಲೆದ್ದರೆ ಸ್ವರ ನುಸುಳಿದೆ ಎಂದು ನಿನಗೇ ತಿಳಿಯುತ್ತದೆ. ಆಮೇಲೆ ಅದೇ ಪದವನ್ನು ಮೂರು ಬಗೆಯಲ್ಲಿ ತಿರುಗಿಸು: ಶಿ ವಾಚ್ಟ್. ಶಿ ಡಿಡ್ ನಾಟ್ ವಾಚ್. ಡಿಡ್ ಶಿ ವಾಚ್? ಬಾಲ ಬರುತ್ತದೆ, ಹೋಗುತ್ತದೆ, ಹೋಗುತ್ತದೆ.

ಇನ್ನೊಂದು ವಿಷಯ. ಸದ್ಯಕ್ಕೆ ಗೋ, ಕಮ್, ಸೀ ಇವುಗಳ ತಂಟೆಗೆ ಹೋಗಬೇಡ. ಅವು ವೆಂಟ್, ಕೇಮ್, ಸಾ ಎಂದು ತಮ್ಮಿಷ್ಟದಂತೆ ರೂಪ ಬದಲಿಸುವ ಪದಗಳು. ನಮ್ಮಲ್ಲೂ ಬರು ‘ಬಂದ’ ಆಗುತ್ತದೆ, ನಗು ‘ನಕ್ಕ’ ಆಗುತ್ತದೆ, ಕೊಡು ‘ಕೊಟ್ಟ’ ಆಗುತ್ತದೆ. ಅವನ್ನು ಯಾರೂ ನಿನಗೆ ಪಟ್ಟಿ ಮಾಡಿ ಕಲಿಸಲಿಲ್ಲ, ಕೇಳಿ ಕೇಳಿ ಬಂದವು. ಇವೂ ಬರುತ್ತವೆ. ಈಗ ‘ಹೋದೆ’ ಎನ್ನಬೇಕಾದಲ್ಲಿ ‘ವಾಕ್ಟ್’ ಎನ್ನು, ‘ನೋಡಿದೆ’ಗೆ ‘ಲುಕ್ಟ್’ ಅಥವಾ ‘ವಾಚ್ಟ್’ ಸಾಕು. ಇಡೀ ಒಂದು ದಿನದ ಕಥೆಯನ್ನು ಕ್ರಮಬದ್ಧ ಕ್ರಿಯಾಪದಗಳಿಂದಲೇ ಹೇಳಬಹುದು, ನಾನು ಹೇಳಿ ನೋಡಿದ್ದೇನೆ.

ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ. ನಾನು ‘ದೇ ವಾಕ್ ಇನ್’ ಅಥವಾ ‘ದೇ ವಾಕ್ಟಿನ್’ ಎನ್ನುತ್ತೇನೆ, ನೀನು ‘ಇಂದು’ ಅಥವಾ ‘ನಿನ್ನೆ’ ಎಂದು ಹೇಳಬೇಕು. ಆಮೇಲೆ ನೀನು ಹೇಳು, ನಾನು ಊಹಿಸುತ್ತೇನೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಆದ್ದರಿಂದ ಆ ಟ್ ಸ್ಪಷ್ಟವಾಗಿ ಬಂದರೆ ಮಾತ್ರ ನನಗೆ ಗೊತ್ತಾಗುತ್ತದೆ.

ನಾಳೆಯ ಐದು ಪದಗಳನ್ನು ನಾನೇ ಆರಿಸಿದ್ದೇನೆ: ಹೆಲ್ಪ್, ಓಪನ್, ಸ್ಟಾರ್ಟ್, ಫಿನಿಶ್, ಯೂಸ್. ಮೂರು ಅಂಕಣಗಳಲ್ಲಿ ಹಂಚಿ ಕಳಿಸು. ಕೊನೆಯದನ್ನು ಬರೆಯುವ ಮೊದಲು ಗಂಟಲಿನ ಮೇಲೆ ಬೆರಳಿಡುವುದನ್ನು ಮರೆಯಬೇಡ.

ಇಂತಿ,
ನಿನ್ನ ಅಮ್ಮ